ಬಂದರೂ ಬಾರದ ಪತ್ರ

2010ರ ಜನವರಿ 1ರಂದು ಹೊಸ ವರ್ಷದ ಶುಭಾಶಯ ಮೇಲ್ ಮಾಡಿದವರಲ್ಲಿ ಹಲವರು ಏನೂ ತಪ್ಪು ಮಾಡದೆ ಶಂಕಿತರಾದರು. ಮೇಲ್ ಸರ್ವರ್‌ಗಳಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಸ್ಪ್ಯಾಮ್‌ಅಸಾಸಿನ್ ಎಂಬ ಜರಡಿಯಲ್ಲಿ ಹಿಂದೆಂದೋ ಬರೆದಿಟ್ಟ ನಿಯಮವೊಂದಿತ್ತು: ತಾರೀಖಿನಲ್ಲಿ 2010 ಅಥವಾ ಅದರಾಚೆಯ ಇಸವಿ ಕಂಡರೆ ಅದು ಸುಳ್ಳು, ದಂಡದ ಅಂಕ ಹಾಕು. ಇಸವಿ ಬಂದೇ ಬಿಟ್ಟಿತು, ನಿಯಮ ಹಾಗೇ ಕುಳಿತಿತ್ತು. ಐದು ಅಂಕವಾದರೆ ಸ್ಪ್ಯಾಮ್ ಎನ್ನುವ ಲೆಕ್ಕದಲ್ಲಿ ಬಹುಪಾಲು ಕಡೆ ಮೂರಕ್ಕೂ ಹೆಚ್ಚು ಅಂಕ ಬರೀ ತಾರೀಖಿಗೇ ಬಿತ್ತು. ತಿದ್ದುಪಡಿ ಅದೇ ದಿನ ಹೊರಬಂತು. ಆದರೆ ಅದನ್ನು ಹಾಕಿಕೊಳ್ಳದ ಸರ್ವರ್‌ಗಳಲ್ಲಿ ತಪ್ಪು ಮುಂದುವರಿಯಿತು.

ಇಂದಿನ ಜರಡಿಗಳು ಇಷ್ಟು ಪೆದ್ದಲ್ಲ. ಹಳೆಯ ಪತ್ರಗಳನ್ನು ನೋಡಿ ಕಲಿಯುತ್ತವೆ. ಒಳ್ಳೆಯ ಮೇಲ್‌ಗಳಲ್ಲಿ ಶೇ. 0.05ಕ್ಕಿಂತ ಕಡಿಮೆ ಮಾತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತವೆ ಎಂದು ಗೂಗಲ್ 2015ರಲ್ಲಿ ಹೇಳಿತ್ತು. ದಿನಕ್ಕೆ 40 ಮೇಲ್ ಬರುವವರಿಗೆ ಆ ಮಿತಿಯ ಲೆಕ್ಕದಲ್ಲೂ ವರ್ಷಕ್ಕೆ ಏಳು. ಆ ಏಳರಲ್ಲಿ ಆರು ಸೀರೆ ಅಂಗಡಿಯ ರಿಯಾಯಿತಿ ಆಗಿದ್ದರೆ ನನಗೇನೂ ಬೇಸರವಿಲ್ಲ. ಏಳನೆಯದು ಯಾವುದು ಎನ್ನುವುದೇ ಪ್ರಶ್ನೆ.

ಅದಕ್ಕಿಂತ ದೊಡ್ಡ ಪ್ರಶ್ನೆ, ಈ ಸರಾಸರಿ ಯಾರದು? 2003ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನ ಹೊಸ ಜರಡಿ, ಆಗ ಚರ್ಚೆಯಲ್ಲಿದ್ದ ಲೈಂಗಿಕ ಅಪರಾಧ ಮಸೂದೆಯ ಪತ್ರಗಳನ್ನು ಅಶ್ಲೀಲವೆಂದು ತಡೆಯಿತು. ಜನ ನಕ್ಕರು. ಅದೇ ಜರಡಿ ವೆಲ್ಷ್ ಭಾಷೆಯ ಪತ್ರಗಳನ್ನೂ ತಡೆದಿತ್ತು, ಆ ಭಾಷೆ ಅದಕ್ಕೆ ಗೊತ್ತಿರಲಿಲ್ಲ ಎಂಬ ಕಾರಣಕ್ಕೆ. ಕನ್ನಡದವರು ನಗದೆ ಓದಬೇಕಾದ ಸಂಗತಿ ಇದು. 'ಸಾಫ್ಟ್‌ವೇರ್' ಎಂದು ಬರೆಯುವಾಗ ವಕಾರ ಒತ್ತಾಗಿ ಕೆಳಗಿಳಿಯದಂತೆ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಇಡುತ್ತೇವೆ. ಇಂಥ ಅದೃಶ್ಯ ಅಕ್ಷರಗಳನ್ನೇ ವಂಚಕರು ಇಂಗ್ಲಿಷ್ ಪದಗಳ, ಲಿಂಕ್‌ಗಳ ನಡುವೆ ತೂರಿಸಿ ಜರಡಿಯ ಕಣ್ಣು ತಪ್ಪಿಸುತ್ತಾರೆ. ಕನ್ನಡದ ಮಾದರಿಗಳನ್ನು ಸಾಕಷ್ಟು ಕಾಣದ ಯಂತ್ರಕ್ಕೆ ನಮ್ಮ ಕಾಗುಣಿತವೂ ಕಳ್ಳರ ಕೈಚಳಕವೂ ಒಂದೇ ಆಗಿ ಕಂಡರೆ ಆಶ್ಚರ್ಯವಿಲ್ಲ.

ಜರಡಿ ಇನ್ನೂ ಬಿಗಿಯಾಗುತ್ತಿದೆ. ಕೃತಕ ಬುದ್ಧಿಮತ್ತೆ ಬರೆದ ವಂಚನೆಯ ಪತ್ರದಲ್ಲಿ ಕಾಗುಣಿತದ ತಪ್ಪೂ ಇರದು. ಹಾಗಾಗಿ ಪತ್ರದಲ್ಲಿ ಏನಿದೆ ಎನ್ನುವುದಕ್ಕಿಂತ ಯಾರು ಕಳಿಸಿದರು ಎನ್ನುವುದಕ್ಕೆ ತೂಕ ಹೆಚ್ಚುತ್ತಿದೆ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಎರಡೂ ಸಗಟು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಗುರುತಿನ ದಾಖಲೆಗಳನ್ನು ಕಡ್ಡಾಯ ಮಾಡಿವೆ. ಕ್ರಮ ಸರಿಯೇ. ಆದರೆ ದೊಡ್ಡ ಬ್ಯಾಂಕಿಗೆ ಇದನ್ನು ನೋಡಿಕೊಳ್ಳಲು ಇಲಾಖೆಯೇ ಇದೆ. ತಾಲ್ಲೂಕಿನ ಸಹಕಾರ ಸಂಘಕ್ಕೆ ಕಂಪ್ಯೂಟರ್ ಬಲ್ಲ ಗುಮಾಸ್ತರ ಮಗ ಇದ್ದಾನೆ.

ಬಾಗಿಲಲ್ಲೇ ತಿರಸ್ಕರಿಸಿದ ಮೇಲ್ ಕಳಿಸಿದವರಿಗೆ ವಾಪಸಾಗುತ್ತದೆ, ಅವರು ಫೋನಾದರೂ ಮಾಡುತ್ತಾರೆ. ಅಪಾಯವಿರುವುದು ಸದ್ದಿಲ್ಲದೆ ನುಂಗುವ ಜರಡಿಯಲ್ಲಿ. ಅಮೆರಿಕದ ಫ್ಲಾರಿಡಾದಲ್ಲಿ ಒಂದು ವಕೀಲ ಕಚೇರಿಯ ಸರ್ವರ್ ಸ್ಪ್ಯಾಮ್ ಎನಿಸಿದ್ದನ್ನು ಯಾರಿಗೂ ಹೇಳದೆ ಅಳಿಸುವಂತೆ ಸಜ್ಜಾಗಿತ್ತು. ನ್ಯಾಯಾಲಯದ ಆದೇಶವೇ ಅದರಲ್ಲಿ ಹೋಯಿತು, ಮೇಲ್ಮನವಿಯ ಗಡುವು ಮೀರಿತು. 2017ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ವಿನಾಯಿತಿ ಕೊಡಲಿಲ್ಲ.

ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 13ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೀವು ಸೂಚಿಸಿದ ಕಂಪ್ಯೂಟರ್ ವ್ಯವಸ್ಥೆಯನ್ನು ಪತ್ರ ಹೊಕ್ಕ ಕ್ಷಣವೇ ಅದು ನಿಮಗೆ ತಲುಪಿದಂತೆ. ಓದಿದಾಗ ಅಲ್ಲ. ಸ್ಪ್ಯಾಮ್ ಪೆಟ್ಟಿಗೆಯೂ ಆ ವ್ಯವಸ್ಥೆಯ ಒಳಗೇ ಇದೆ. ಮಾಹಿತಿ ಹಕ್ಕಿನ ಉತ್ತರ ತೃಪ್ತಿ ತರದಿದ್ದರೆ ಮೊದಲ ಮೇಲ್ಮನವಿಗೆ ಇರುವ ಅವಧಿ 30 ದಿನ. ಜಿಮೇಲ್ ತನ್ನ ಸ್ಪ್ಯಾಮ್ ಪೆಟ್ಟಿಗೆಯ ಪತ್ರಗಳನ್ನು ತಾನಾಗಿ ಅಳಿಸುವುದೂ 30 ದಿನಕ್ಕೇ.