ಒಂದು ಎಟಿಎಂ ಕಾರ್ಡಿನಷ್ಟು ಎತ್ತರ: ಹೊಲಿಗೆ ಮೆಷಿನ್ನಿನ ಹಲ್ಲುಗಳ ವಿಜ್ಞಾನ

ದುಬೈಯಲ್ಲಿರಿ, ಡಲ್ಲಾಸಿನಲ್ಲಿರಿ, ಈಗ ಹಾಕಿಕೊಂಡಿರೋ ಶರ್ಟಿನ ಪಕ್ಕದ ಹೊಲಿಗೆ ಮೇಲೆ ಒಮ್ಮೆ ಬೆರಳಾಡಿಸಿ. ಸಪಾಟಾಗಿದೆಯಾ, ಇಲ್ಲಾ ಸಣ್ಣ ಸಣ್ಣ ಸುಕ್ಕು ಸಿಗ್ತಿದೆಯಾ? ಇಸ್ತ್ರಿ ಹಾಕಿದರೂ ಹೋಗದ ಈ ಸುಕ್ಕಿಗೆ ಗಾರ್ಮೆಂಟ್ಸ್ ಭಾಷೆಯಲ್ಲಿ ಪಕ್ಕರಿಂಗ್ ಅಂತಾರೆ. ದಾರ ಬಿಗಿಯಾಗಿದ್ದರೂ ಇದು ಬರುತ್ತೆ, ಸೂಜಿ ದಪ್ಪವಾಗಿದ್ದರೂ ಬರುತ್ತೆ. ಆದರೆ ಅನೇಕ ಸಲ ಮೂಲ ಇರೋದು ಸೂಜಿಯ ಕೆಳಗೆ, ಬಟ್ಟೆಯನ್ನು ಸಾಗಿಸುವ ಉಕ್ಕಿನ ಹಲ್ಲುಗಳಲ್ಲಿ.

ಇದರ ಇಂಗ್ಲಿಷ್ ಹೆಸರು ಫೀಡ್ ಡಾಗ್. ನಾಯಿಗೂ ಇದಕ್ಕೂ ಸಂಬಂಧ ಇಲ್ಲ. ಯಂತ್ರಗಳಲ್ಲಿ ಕಚ್ಚಿ ಹಿಡಿಯುವ ಭಾಗವನ್ನು ಡಾಗ್ ಅನ್ನೋದು ರೂಢಿ. ನಾವು ಹಲ್ಲು ಅಂತಲೇ ಕರೆಯೋಣ. 1846ರ ಇಲಿಯಾಸ್ ಹೌ ಮೆಷಿನ್ನಿನಲ್ಲಿ ಬಟ್ಟೆಯನ್ನು ಒಂದು ತಗಡಿನ ಮುಳ್ಳುಗಳಿಗೆ ಸಿಕ್ಕಿಸಬೇಕಿತ್ತು. ತಗಡು ಮುಗಿದ ಕೂಡಲೇ ನಿಲ್ಲಿಸಿ, ಬಟ್ಟೆ ಬಿಡಿಸಿ, ಮತ್ತೆ ಸಿಕ್ಕಿಸಬೇಕು. 1854ರಲ್ಲಿ ಅಲೆನ್ ವಿಲ್ಸನ್ ಪೇಟೆಂಟ್ ಪಡೆದ ನಾಲ್ಕು ಚಲನೆಯ ವ್ಯವಸ್ಥೆ ಇದನ್ನು ಬದಲಾಯಿಸಿತು: ಹಲ್ಲು ಮೇಲೇಳುತ್ತೆ, ಬಟ್ಟೆಯನ್ನು ಆಚೆಗೆ ತಳ್ಳುತ್ತೆ, ಕೆಳಗಿಳಿಯುತ್ತೆ, ಖಾಲಿ ವಾಪಸ್ ಬರುತ್ತೆ. ಇವತ್ತಿನ ಕಾರ್ಖಾನೆ ಮೆಷಿನ್ ಇದನ್ನೇ ನಿಮಿಷಕ್ಕೆ 5,000 ಸಲ ಮಾಡಬಲ್ಲದು. ಅಂದರೆ ಒಂದು ಹೊಲಿಗೆಗೆ ಸಿಗೋದು 12 ಮಿಲಿಸೆಕೆಂಡ್!

ಈಗ ಘರ್ಷಣೆಗೆ ಬರೋಣ. ಹಲ್ಲು ಕಚ್ಚೋದು ಕೆಳಗಿನ ಪದರವನ್ನು ಮಾತ್ರ. ಮೇಲಿನ ಪದರ ಸಾಗೋದು ಕೆಳಗಿನದರ ಜೊತೆಗಿನ ಘರ್ಷಣೆಯಿಂದ. ಅದೇ ಹೊತ್ತಿಗೆ ಮೇಲಿನಿಂದ ಒತ್ತುವ ಪ್ರೆಸರ್ ಫೂಟ್ ಮೇಲಿನ ಪದರವನ್ನು ತಡೆದು ಹಿಡೀತಾ ಇರುತ್ತೆ. ಹೀಗಾಗಿ ಪ್ರತಿ ಹೊಲಿಗೆಗೂ ಕೆಳಗಿನದು ಒಂದು ಕೂದಲೆಳೆಯಷ್ಟು ಜಾಸ್ತಿ ಹೋಗುತ್ತೆ. ನೂರಾರು ಹೊಲಿಗೆ ಸೇರಿದಾಗ ಕೆಳಗೆ ಸುಕ್ಕು, ಮೇಲೆ ಬಟ್ಟೆ ಮಿಕ್ಕುತ್ತೆ. ಫೂಟಿನ ಒತ್ತಡ ಹೆಚ್ಚಿಸಿದರೆ ಸರಿಹೋಗುತ್ತೆ ಅಂತ ಅನ್ನಿಸಬಹುದು. ಆದರೆ ಒತ್ತಡದ ಜೊತೆ ಫೂಟಿನ ತಡೆಯೂ ಏರುತ್ತೆ. ಬಟ್ಟೆ ಜಾರದೆ ಸಾಗುವಷ್ಟು, ಅದಕ್ಕಿಂತ ಹೆಚ್ಚು ಬೇಡ.

ಹೊಂದಿಸೋದು ಹೇಗೆ? ಮೊದಲು ಮೋಟರ್ ಸ್ವಿಚ್ ಆಫ್. ಹಳೇ ಕ್ಲಚ್ ಮೋಟರ್ ಆಫ್ ಮಾಡಿದ ಮೇಲೂ ತಿರುಗ್ತಾ ಇರುತ್ತೆ, ಪೂರ್ತಿ ನಿಲ್ಲೋವರೆಗೆ ಪೆಡಲ್ ಮುಟ್ಟಬೇಡಿ, ಕೈ ಹಾಕಬೇಡಿ. ಆಮೇಲೆ ಪ್ಲೇಟ್ ತೆಗೆದು ಹಲ್ಲಿನ ಸಂದಿಯ ಬಟ್ಟೆಧೂಳು ತೆಗೀರಿ. ಗಟ್ಟಿಯಾಗಿ ಕೂತ ಧೂಳು ಇದ್ದರೆ ಹಲ್ಲಿನ ಎತ್ತರ ಸರಿಯಿದ್ದೂ ಹಿಡಿತ ಸಿಗಲ್ಲ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತೆ.

ಮುಗಿಯದಿದ್ದರೆ ಎತ್ತರ ನೋಡಿ. ಫೂಟ್ ಎತ್ತಿ, ಕೈಚಕ್ರ ತಿರುಗಿಸಿ ಹಲ್ಲನ್ನು ತುತ್ತತುದಿಗೆ ತನ್ನಿ. ತೆಳು ಬಟ್ಟೆಗೆ ಪ್ಲೇಟಿನ ಮೇಲೆ 0.7ರಿಂದ 0.8 ಮಿಲಿಮೀಟರ್ ಸಾಕು, ದಪ್ಪ ಬಟ್ಟೆಗೆ ಸುಮಾರು 1.2. ಅಳೆಯೋ ಸಲಕರಣೆ ಇಲ್ವಾ? ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಹಲ್ಲಿನ ಪಕ್ಕ ಪ್ಲೇಟಿನ ಮೇಲಿಟ್ಟು ಎರಡೂ ಸಮ ಇದೆಯಾ ನೋಡಿ. ಇಲ್ಲದಿದ್ದರೆ ತಲೆ ಮಗುಚಿ, ಹಲ್ಲು ಹೊತ್ತ ಪಟ್ಟಿಯ ಕ್ರ್ಯಾಂಕಿನ ಸ್ಕ್ರೂ ಸಡಿಲಿಸಿ, ಸ್ವಲ್ಪವೇ ಏರಿಸಿ ಅಥವಾ ಇಳಿಸಿ, ಬಿಗಿ ಮಾಡಿ. ಹಲ್ಲನ್ನು ಓರೆ ಮಾಡುವ ವ್ಯವಸ್ಥೆಯೂ ಇದೆ. ಅದನ್ನು ಮೆಷಿನ್ನಿನ ಕೈಪಿಡಿ ಮುಂದಿಟ್ಟುಕೊಂಡೇ ಮಾಡಿ.

ಇನ್ನೊಂದು ಟೈಮಿಂಗ್, ನಮಗೆ ಇಷ್ಟವಾದ ಭಾಗ. ಕೈಚಕ್ರವನ್ನು ನಿಧಾನಕ್ಕೆ ತಿರುಗಿಸಿದಾಗ ಹಲ್ಲು ಕೆಳಗಿಳಿಯುತ್ತಾ ಪ್ಲೇಟಿಗೆ ಸಮವಾಗುವ ಕ್ಷಣದಲ್ಲೇ ಸೂಜಿಯ ಕಣ್ಣಿನ ಮೇಲ್ತುದಿಯೂ ಪ್ಲೇಟಿನ ಮಟ್ಟಕ್ಕೆ ಬಂದಿರಬೇಕು. ಕ್ಯಾಮ್ ಸ್ವಲ್ಪ ಹಿಂದಾದರೆ ಹೊಲಿಗೆ ಬಿಗಿ, ಮುಂದಾದರೆ ಸಾಗಣೆ ಸಮ. ಅತಿಯಾದರೆ ಸೂಜಿ ಬಟ್ಟೆಯೊಳಗಿರುವಾಗಲೇ ಬಟ್ಟೆ ಚಲಿಸಿ, ಸೂಜಿ ಬಾಗಿ ಮುರಿಯುತ್ತೆ.

ಟಿ-ಶರ್ಟಿನಂಥ ಹಿಗ್ಗುವ ಬಟ್ಟೆಯ ಕಥೆ ಬೇರೆ. ಓವರ್‌ಲಾಕಿನಲ್ಲಿ ಎರಡು ಜೊತೆ ಹಲ್ಲಿರುತ್ತೆ. ಮುಂದಿನದು ಹೆಚ್ಚು ಸಾಗಿಸಿ ಹಿಂದಿನದು ಕಡಿಮೆ ಸಾಗಿಸಿದರೆ ಅಂಚು ಅಲೆಅಲೆಯಾಗಲ್ಲ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ಈ ಮೆಷಿನ್‌ಗಳ ಮುಂದೆ ಕೂತವರು ಬಹುಪಾಲು ಹೆಣ್ಣುಮಕ್ಕಳು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುವ ಕಡೆ ಸುಕ್ಕು ಬಂದ ಪೀಸ್ ವಾಪಸ್ ಬಂದರೆ ಬಿಚ್ಚಿ ಹೊಲಿಯೋ ಸಮಯಕ್ಕೆ ಲೆಕ್ಕ ಇರಲ್ಲ, ಬೈಗುಳ ಮಾತ್ರ ಅವರಿಗೇ. ತಪ್ಪು ಕೈಯದೋ ಮೆಷಿನ್ನಿನದೋ ಅಂತ ತಿಳಿಯೋಕೆ ಒಂದು ಸುಲಭ ಪರೀಕ್ಷೆ ಇದೆ. ಒಂದೇ ಬಟ್ಟೆಯಿಂದ 50 ಸೆಂಟಿಮೀಟರ್ ಉದ್ದದ ಎರಡು ಪಟ್ಟಿ ಕತ್ತರಿಸಿ, ಅಂಚು ಸರಿಹೊಂದಿಸಿ ಫೂಟಿನಡಿ ಇಟ್ಟು, ಎಳೆಯದೆ ತಳ್ಳದೆ ಮೆಷಿನ್ ತಾನೇ ಸಾಗಿಸೋಕೆ ಬಿಡಿ. ಕೊನೆಯಲ್ಲಿ ಮೇಲಿನ ಪಟ್ಟಿ 5 ಮಿಲಿಮೀಟರ್ ಹೊರಗುಳಿದರೆ ಸಾಗಣೆಯಲ್ಲಿ ಶೇಕಡಾ 1ರಷ್ಟು ವ್ಯತ್ಯಾಸ ಇದೆ ಅಂತ ಅರ್ಥ. ಆ ಪಟ್ಟಿಯನ್ನು ಹಾಗೇ ಮೆಕ್ಯಾನಿಕ್ ಕೈಗೆ ಕೊಡಬಹುದು.