ನಮ್ಮ ಸಹಾನುಭೂತಿಗೆ ಅಳತೆಗೋಲು ಇದೆಯೇ?



ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತೇವೆ, ಬಟ್ಟೆಯನ್ನು ಮೀಟರಿನಲ್ಲಿ. ನಮ್ಮವರಲ್ಲದವರ ಬಗ್ಗೆ ನಮಗಿರುವ ಸಹಾನುಭೂತಿಯನ್ನು ಅಳೆಯುವುದು ಹೇಗೆ? 2003ರಲ್ಲಿ ಅಮೆರಿಕದಲ್ಲಿ ಯು ವೇ ವಾಂಗ್ ಮತ್ತು ಸಂಗಡಿಗರು ಇದಕ್ಕೊಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ 31 ಹೇಳಿಕೆಗಳಿವೆ. ಪ್ರತಿಯೊಂದನ್ನೂ ಎಷ್ಟರಮಟ್ಟಿಗೆ ಒಪ್ಪುತ್ತೇವೆ ಎಂದು 1ರಿಂದ 6ರವರೆಗೆ ಅಂಕ ಹಾಕಬೇಕು. ಅವು ಪರೀಕ್ಷಿಸುವುದು ನಾಲ್ಕು ಸಂಗತಿಗಳನ್ನು. ನಮ್ಮ ಚಾಮರಾಜನಗರ ಜಿಲ್ಲೆಯ ಸೋಲಿಗರನ್ನು ನೆನೆದು ಅವುಗಳನ್ನು ನೋಡೋಣ.

ಮೊದಲನೆಯದು, ಭಾವನೆ ಮತ್ತು ಅದರ ಅಭಿವ್ಯಕ್ತಿ. ಬೇರೆ ಜನಾಂಗದವರಿಗೆ ಅವಮಾನವಾದರೆ ನಮಗೆ ನೋವಾಗುತ್ತದೆಯೇ? ನೊಂದರೆ ಸಾಲದು, ಬಾಯಿ ತೆರೆಯುತ್ತೇವೆಯೇ? ಗುಂಡ್ಲುಪೇಟೆಯ ಬಸ್ಸಿನಲ್ಲಿ ಯಾರಾದರೂ ಸೋಲಿಗರೊಬ್ಬರನ್ನು 'ಕಾಡುಮನುಷ್ಯ' ಎಂದು ಹಂಗಿಸಿದರೆ ನಾವು ನಗುತ್ತೇವೋ, ತಡೆಯುತ್ತೇವೋ?

ಎರಡನೆಯದು, ಅವರ ಜಾಗದಲ್ಲಿ ನಿಂತು ನೋಡುವುದು. ಬೇಸಿಗೆ ಬಲಿಯುವ ಮುನ್ನ ತರಗೆಲೆಗೆ ಸಣ್ಣ ಬೆಂಕಿ ಇಡುವುದು ಸೋಲಿಗರ ಹಳೆಯ ರೂಢಿ. ಅದನ್ನು 'ತರಗು ಬೆಂಕಿ' ಎನ್ನುತ್ತಾರೆ. ಹೊರಗಿನವರ ಕಣ್ಣಿಗೆ ಅದು ಕಾಡು ಸುಡುವ ಕೆಲಸ. ಅದು ನಿಂತ ಮೇಲೆಯೇ ಲಂಟಾನ ಕಾಡನ್ನೆಲ್ಲ ಹಬ್ಬಿತು ಎಂಬುದು ಸೋಲಿಗ ಹಿರಿಯರ ಮಾತು. ಬೆಂಕಿ ಒಂದೇ, ನೋಟ ಎರಡು.

ಮೂರನೆಯದು, ಭಿನ್ನತೆಯನ್ನು ಒಪ್ಪಿಕೊಳ್ಳುವುದು. ಬೇರೆಯವರು ನಮ್ಮೆದುರಿಗೆ ತಮ್ಮ ಭಾಷೆಯಾಡಿದರೆ ಕಿರಿಕಿರಿಯಾಗುತ್ತದೆಯೇ ಎಂದು ಪ್ರಶ್ನಾವಳಿ ಕೇಳುತ್ತದೆ. ಸೋಲಿಗರ ನುಡಿಯನ್ನು 'ಕೆಟ್ಟ ಕನ್ನಡ' ಎಂದು ಆಡಿಕೊಳ್ಳುವವರಿಗೆ ಇಲ್ಲಿ ಅಂಕ ಕಡಿಮೆಯೇ.

ನಾಲ್ಕನೆಯದು, ಸಮಾಜ ಅವರನ್ನು ಹೇಗೆ ನಡೆಸಿಕೊಂಡಿದೆ ಎಂಬ ಅರಿವು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿ ಧಾಮವಾಯಿತು. ಸೋಲಿಗರ ಬೇಟೆ, ಬೇಸಾಯಗಳಿಗೆ ತಡೆ ಬಿತ್ತು. ಹಲವು ಕುಟುಂಬಗಳು ಹಳೆಯ ನೆಲೆ ಬಿಟ್ಟು ಬರಬೇಕಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಲವು ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆತದ್ದು 2011ರಲ್ಲಿ. ವೇದಿಕೆಯ ಮೇಲೆ ಅವರ ಕುಣಿತಕ್ಕೆ ಚಪ್ಪಾಳೆ ತಟ್ಟುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಈ ಅಳತೆಗೂ ಒಂದು ಮಿತಿಯುಂಟು. ಅಂಕ ಹಾಕುವವರು ನಾವೇ. ಒಳ್ಳೆಯವರೆನಿಸಿಕೊಳ್ಳುವ ಆಸೆ ಯಾರಿಗಿಲ್ಲ? ಸಮಾರಿಯದವನ ಸಾಮತಿಯಲ್ಲಿ ಬರುವ ಯಾಜಕನೂ ಲೇವಿಯನೂ ಈ ಪ್ರಶ್ನಾವಳಿಗೆ ಉತ್ತರಿಸಿದ್ದರೆ ತಮಗೆ ತಾವೇ ಪೂರ್ತಿ ಅಂಕ ಹಾಕಿಕೊಳ್ಳುತ್ತಿದ್ದರೇನೋ! ಆದರೆ ದಾರಿಯಲ್ಲಿ ನಿಂತವನು ಪರಕೀಯನೇ.

ಆದ್ದರಿಂದ ಈ ಹಬ್ಬದಂದು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತಾಗ ಎರಡೇ ಪ್ರಶ್ನೆ ಕೇಳಿಕೊಳ್ಳೋಣ. ಹೆಸರು ಹಿಡಿದು ಮಾತನಾಡಿಸುವಷ್ಟು ಪರಿಚಯವಿರುವ ಸೋಲಿಗರು ನಮಗೆ ಎಷ್ಟು ಮಂದಿ? ಅವರ ಮನೆಯಲ್ಲಿ ನಾವು ಕುಳಿತು ಉಂಡದ್ದು ಯಾವಾಗ? ಈ ಉತ್ತರಗಳಿಗೆ ಅಂಕ ಹಾಕುವ ಅಗತ್ಯವಿಲ್ಲ.