ಪಾದ್ರಿಯಿಲ್ಲದ ಏಳು ತಲೆಮಾರು

ನಮ್ಮ ಕಾಸರಗೋಡು ಸೀಮೆಯ ಹಿರಿಯರು ಕ್ರೈಸ್ತರನ್ನು ‘ಕಿರಿಸ್ತಾನರು’ ಎಂದೂ, ಅವರ ದೇವಾಲಯವನ್ನು ‘ಇಗರ್ಜಿ’ ಎಂದೂ, ಅವರ ಗುರುಗಳನ್ನು ‘ಪಾದ್ರಿಗಳು’ ಎಂದೂ ಕರೆಯುತ್ತ ಬಂದವರು. ಈ ಮಾತುಗಳು ಪೋರ್ಚುಗೀಸರ ಹಡಗಿನೊಡನೆ ನಮ್ಮ ಕರಾವಳಿಗೆ ಬಂದವೆಂದು ಶಾಲೆಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದೇವೆ. ಆದರೆ ಜಪಾನಿನ ಒಂದು ಪುಟ್ಟ ದ್ವೀಪದಲ್ಲಿ, ಮೀನುಗಾರರ ಬಾಯಿಂದ ‘ಕಿರಿಶಿತಾನ್’ ಎಂಬ ಮಾತನ್ನು ಕೇಳುವೆವೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ. ಪಾದ್ರಿಯನ್ನು ಹಿಂದಿನ ಜಪಾನೀಯರು ‘ಬತೆರೆನ್’ ಎನ್ನುತ್ತಿದ್ದರಂತೆ. ಬೀಜ ಒಂದೇ, ಮಣ್ಣು ಬೇರೆ.

ನಮ್ಮ ಮಗನು ಉದ್ಯೋಗನಿಮಿತ್ತ ಸಂಸಾರಸಮೇತನಾಗಿ ಫುಕುವೋಕಾ ನಗರದಲ್ಲಿದ್ದಾನೆ. ಕಳೆದ ಬೇಸಿಗೆಯ ರಜೆಯಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋಗಿದ್ದಾಗ, ಇಗರ್ಜಿಯನ್ನೂ ಪಾದ್ರಿಯನ್ನೂ ಬಿಟ್ಟು ಮನೆಯೊಳಗೇ ಕ್ರಿಸ್ತನನ್ನು ಕಾಪಾಡಿಕೊಂಡು ಬಂದ ಜನರಿರುವರೆಂದು ಅವನು ಹೇಳಿದನು. ನೋಡಬೇಕೆಂಬ ಆಸೆಯಾಯಿತು. ಅಲ್ಲಿ ಕಂಡುದನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳದಿದ್ದರೆ ಮನಸ್ಸಿಗೆ ನೆಮ್ಮದಿಯಿಲ್ಲ.

ಮೊದಲು ಸ್ವಲ್ಪ ಇತಿಹಾಸ. ಹಳೆಯ ಗೋವೆಯ ಬೊಂ ಜೆಸುಸ್ ಇಗರ್ಜಿಯಲ್ಲಿ ಯಾರ ಪಾರ್ಥಿವ ಶರೀರವನ್ನು ಇರಿಸಿರುವರೋ ಆ ಫ್ರಾನ್ಸಿಸ್ ಕ್ಸೇವಿಯರ್ 1549ರ ಏಪ್ರಿಲಿನಲ್ಲಿ ಗೋವೆಯಿಂದಲೇ ಹೊರಟು ಆಗಸ್ಟ್ 15ರಂದು ಜಪಾನಿನ ಕಾಗೋಶಿಮಾ ಬಂದರಿನಲ್ಲಿ ಇಳಿದರು. ಮುಂದಿನ ಕೆಲವೇ ದಶಕಗಳಲ್ಲಿ ಕ್ರೈಸ್ತಮತವು ಕ್ಯೂಶೂ ಸೀಮೆಯಲ್ಲಿ ಬಹುಬೇಗ ಹರಡಿತು. ಆಳುವವರಿಗೆ ಇದು ಸಹನೆಯಾಗಲಿಲ್ಲ. 1597ರ ಫೆಬ್ರವರಿ 5ರಂದು ನಾಗಸಾಕಿಯ ದಿಣ್ಣೆಯ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಿದರು. ಅವರಲ್ಲೊಬ್ಬನಾದ ಗೊನ್ಸಾಲೊ ಗಾರ್ಸಿಯಾ ಮುಂಬಯಿಯ ಬಳಿಯ ವಸಾಯಿಯಲ್ಲಿ ಹುಟ್ಟಿದವನು. 1614ರಲ್ಲಿ ತೊಕುಗಾವಾ ಸರಕಾರವು ದೇಶಾದ್ಯಂತ ಈ ಮತವನ್ನು ನಿಷೇಧಿಸಿತು. ಪ್ರತಿಯೊಬ್ಬನೂ ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕು; ಕ್ರಿಸ್ತನ ಇಲ್ಲವೆ ಮೇರಿಯ ಚಿತ್ರವನ್ನು ಕಾಲಿನಿಂದ ಮೆಟ್ಟಿ ತೋರಿಸಬೇಕು. ಅಡಗಿಕೊಂಡಿದ್ದ ಕೊನೆಯ ಪಾದ್ರಿಯೂ 1644ರಲ್ಲಿ ಹತನಾದನು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಗುರುವಿಲ್ಲ, ಗ್ರಂಥವಿಲ್ಲ, ಗುಡಿಯಿಲ್ಲ. ಆದರೆ ಹಳ್ಳಿಗಳ ಒಕ್ಕಲುಮಕ್ಕಳು ತಮ್ಮೊಳಗೇ ಕೆಲಸವನ್ನು ಹಂಚಿಕೊಂಡರು. ನಾಗಸಾಕಿಯ ಸುತ್ತಿನ ಊರುಗಳಲ್ಲಿ ಒಬ್ಬನು ಹಬ್ಬಹರಿದಿನಗಳ ಲೆಕ್ಕವಿಡುವವನು, ಒಬ್ಬನು ಮಗುವಿಗೆ ನೀರೆರೆದು ದೀಕ್ಷೆ ಕೊಡುವವನು, ಇನ್ನೊಬ್ಬನು ಮನೆಮನೆಗೆ ಸುದ್ದಿ ಮುಟ್ಟಿಸುವವನು. ಪಾಪನಿವೇದನೆಗೆ ಪಾದ್ರಿಯೇ ಇಲ್ಲದಿದ್ದಾಗ ಮನಃಪೂರ್ವಕವಾದ ಪಶ್ಚಾತ್ತಾಪವೇ ಸಾಕೆಂದು ಹೇಳುವ ಒಂದು ಹಳೆಯ ಪಾಠವನ್ನು ಗುಟ್ಟಾಗಿ ನೆನಪಿನಲ್ಲಿಟ್ಟುಕೊಂಡರು. ಚಿತ್ರವನ್ನು ಮೆಟ್ಟಿ ಮನೆಗೆ ಬಂದ ಮೇಲೆ ಅದನ್ನೇ ಪಠಿಸಿ ಕಣ್ಣೀರಿಡುತ್ತಿದ್ದರು. ಏಳು ತಲೆಮಾರು ಕಳೆದ ಮೇಲೆ ದೊಡ್ಡ ಹಡಗಿನಲ್ಲಿ ಪಾದ್ರಿಗಳು ಮರಳಿ ಬರುವರೆಂಬ ನಂಬಿಕೆಯೊಂದು ಅವರಲ್ಲಿತ್ತು.

ನಾಗಸಾಕಿಯ ಓವುರಾ ಇಗರ್ಜಿಯ ಮೆಟ್ಟಿಲುಗಳನ್ನು ಏರುವಾಗ ಮಗನು ಈ ಕಥೆಯ ಮುಂದಿನ ಭಾಗವನ್ನು ಹೇಳಿದನು. ವಿದೇಶೀಯರಿಗಾಗಿ ಕಟ್ಟಿದ ಆ ಇಗರ್ಜಿಗೆ 1865ರ ಮಾರ್ಚ್ 17ರಂದು ಉರಕಾಮಿ ಹಳ್ಳಿಯ ಕೆಲವು ಮಂದಿ ಬಂದರಂತೆ. ಅವರಲ್ಲೊಬ್ಬ ಹೆಂಗಸು ಫ್ರೆಂಚ್ ಪಾದ್ರಿ ಬೆರ್ನಾರ್ ಪೆತಿಜಾನರ ಬಳಿಗೆ ಹೋಗಿ, ತಮ್ಮೆಲ್ಲರ ಹೃದಯವೂ ಅವರದರಂತೆಯೇ ಎಂದು ಪಿಸುಗುಟ್ಟಿ, ಮರಿಯಮ್ಮನ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಆ ಮಾತನ್ನು ಕೇಳಿ ಪಾದ್ರಿಗೆ ಎಂಥ ರೋಮಾಂಚವಾಗಿರಬೇಕು! ಆದರೆ ನಿಷೇಧವಿನ್ನೂ ಇದ್ದುದರಿಂದ ಉರಕಾಮಿಯ ಸುಮಾರು 3,400 ಮಂದಿಯನ್ನು ದೂರದೂರದ ಸೀಮೆಗಳಿಗೆ ಗಡೀಪಾರು ಮಾಡಿದರು. 600ಕ್ಕೂ ಹೆಚ್ಚು ಜನ ಅಲ್ಲಿಯೇ ಮಡಿದರು. 1873ರಲ್ಲಿ ನಿಷೇಧದ ಫಲಕಗಳು ಇಳಿದ ಮೇಲೆ ಅನೇಕರು ಇಗರ್ಜಿಗೆ ಮರಳಿದರು.

ಎಲ್ಲರೂ ಮರಳಲಿಲ್ಲ. ಮರಳದವರ ಮನೆಯನ್ನು ನೋಡಲೆಂದೇ ನಾವು ಇಕಿತ್ಸುಕಿ ದ್ವೀಪಕ್ಕೆ ಹೋದೆವು. ಹಿರಾದೋ ದ್ವೀಪವನ್ನು ದಾಟಿ, 1991ರಲ್ಲಿ ತೆರೆದ ಸೇತುವೆಯ ಮೇಲೆ ಸಾಗಿದರೆ ಆ ಊರು. ಒಂದು ಕಡೆ ಕಡಲು; ಇನ್ನೊಂದು ಕಡೆ ಗುಡ್ಡದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾದ ಗದ್ದೆಗಳು. ನೋಡಿದಾಗ ನಮಗೆ ಊರಿನ ನೆನಪೇ ಆಯಿತು.

ಮಗನ ಪರಿಚಯದವರೊಬ್ಬರ ಮೂಲಕ ಅಲ್ಲಿನ ಹಿರಿಯರೊಬ್ಬರ ಮನೆಗೆ ಹೋದೆವು. ಎಂಬತ್ತು ದಾಟಿದ ವೃದ್ಧರು; ಹಿಂದೆ ಮೀನುಗಾರಿಕೆ ಮಾಡುತ್ತಿದ್ದವರು. ನಾವು ಶಾಲಾ ಮುಖ್ಯೋಪಾಧ್ಯಾಯರೆಂದು ತಿಳಿದೊಡನೆ ‘ಸೆನ್ಸೇ’, ಎಂದರೆ ಗುರುಗಳೇ, ಎಂದು ಕರೆದು ಬಾಗಿ ನಮಿಸಿದರು. ಅವರ ಮಡದಿ ಹಸಿರು ಚಹ ತಂದಿಟ್ಟರು. ಒಳಗೆ ಬೌದ್ಧರ ಪೂಜಾಪೀಠವಿತ್ತು. ಮೇಲೆ ಶಿಂತೋ ದೇವರ ಹಲಗೆಯಿತ್ತು. ‘ಕ್ರಿಸ್ತನೆಲ್ಲಿ?’ ಎಂದು ನಮ್ಮ ಮನೆಯವರು ಮೆಲ್ಲನೆ ಕೇಳಿದರು.

ಕ್ರಿಸ್ತನಿರುವುದು ಉಗ್ರಾಣದಲ್ಲಿ! ‘ನಾಂದೊಗಾಮಿ’ ಎಂಬ ಹೆಸರಿಗೆ ಉಗ್ರಾಣದ ದೇವರೆಂದೇ ಅರ್ಥ. ತೂಗುಹಾಕುವ ಸುರುಳಿಚಿತ್ರದಲ್ಲಿ ಮಗುವನ್ನೆತ್ತಿಕೊಂಡ ತಾಯಿ ಜಪಾನಿ ಉಡುಪಿನಲ್ಲಿದ್ದಾಳೆ. ಸಂತ ಯೋಹಾನನಿಗೂ ಜಪಾನಿ ಗಂಡಸಿನ ಜುಟ್ಟು! ಚಿತ್ರ ಹಳತಾದರೆ ಹೊಸದಾಗಿ ನಕಲು ಮಾಡುವರು. ಅದಕ್ಕೆ ಅವರ ಮಾತಿನಲ್ಲಿ ‘ಒಗೆತ’ ಎಂಬ ಅರ್ಥದ ಹೆಸರು. ಬೇರೆ ಊರುಗಳಲ್ಲಿ ಕನ್ನೋನ್ ದೇವಿಯ ಪಿಂಗಾಣಿ ಬೊಂಬೆಯನ್ನೇ ಮರಿಯಮ್ಮನೆಂದು ಭಾವಿಸಿ ಪೂಜಿಸಿದವರುಂಟು. ಕನ್ನೋನ್ ಬೇರೆ ಯಾರೂ ಅಲ್ಲ, ಬೌದ್ಧರ ಅವಲೋಕಿತೇಶ್ವರನೇ. ಕದ್ರಿಯ ದೇವಾಲಯದಲ್ಲಿ ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವನ್ನು ಕಂಡವರಿಗೆ ಈ ದೇವರು ಅಪರಿಚಿತನಲ್ಲ.

ನಮ್ಮ ಕೋರಿಕೆಯ ಮೇರೆಗೆ ಹಿರಿಯರು ‘ಒರಾಶೊ’ವಿನ ಒಂದು ಭಾಗವನ್ನು ಹೇಳಿ ತೋರಿಸಿದರು. ಲ್ಯಾಟಿನ್ನಿನಲ್ಲಿ ಪ್ರಾರ್ಥನೆಗಿರುವ ‘ಒರಾತಿಯೊ’ ಎಂಬ ಮಾತೇ ಇದು. ಲ್ಯಾಟಿನ್, ಪೋರ್ಚುಗೀಸ್, ಜಪಾನಿ ಮೂರೂ ಬೆರೆತು, ಬಾಯಿಂದ ಬಾಯಿಗೆ ಸವೆದ ಆ ಪಾಠವನ್ನು ಅವರು ಮಂಡಿಯೂರಿ ಎಲ್ಲಿಯೂ ತಡೆಯದೆ ಹೇಳುತ್ತ ಹೋದರು. ಈ ದ್ವೀಪದವರು ಹಾಡುವ ‘ಗುರುರಿಯೋಝಾ’ ಎಂಬ ಪ್ರಾರ್ಥನೆಯ ಮೂಲವು ಹದಿನಾರನೆಯ ಶತಮಾನದ ಸ್ಪೇನಿನ ಒಂದು ಪ್ರಾದೇಶಿಕ ಗೀತವೆಂದು ಸಂಗೀತಶಾಸ್ತ್ರಜ್ಞ ಮಿನಾಗಾವಾ ತತ್ಸುವೊ ಅವರು ಬಹುಕಾಲ ಹುಡುಕಿ ಕಂಡುಹಿಡಿದರು. ಲ್ಯಾಟಿನ್ ಅರಿಯದ ರೈತರೂ ಬೆಸ್ತರೂ ಅದನ್ನು ನೆನಪಿನಲ್ಲಿಯೇ ಉಳಿಸಿಕೊಂಡಿದ್ದರು.

“ಇದರ ಅರ್ಥವೇನು?” ಎಂದು ಕೇಳಿದೆವು. ಹಿರಿಯರು ನಕ್ಕರು. “ಅರ್ಥ ನಮ್ಮ ತಂದೆಗೂ ಗೊತ್ತಿರಲಿಲ್ಲ. ತಪ್ಪಿಲ್ಲದೆ ಹೇಳಬೇಕೆಂಬುದು ಮಾತ್ರ ಗೊತ್ತಿತ್ತು.”

“ನಿಷೇಧ ಹೋದ ಮೇಲೂ ಇಗರ್ಜಿಗೆ ಏಕೆ ಸೇರಲಿಲ್ಲ?”

ಅವರು ಕೆಲವು ಹೊತ್ತು ಸುಮ್ಮನಿದ್ದರು. “ಸೇರಿದವರನ್ನು ನಾವು ಹಳಿಯುವುದಿಲ್ಲ. ಆದರೆ ನಮ್ಮ ಹಿರಿಯರು ಪ್ರಾಣವನ್ನು ಪಣವಿಟ್ಟು ಕೊಟ್ಟುದನ್ನು, ಇದು ಸರಿಯಾದುದಲ್ಲ ಎಂದು ಯಾರೋ ಹೇಳಿದ ಮಾತ್ರಕ್ಕೆ ಬಿಡಲಾದೀತೇ, ಸೆನ್ಸೇ? ಅವರ ಮುಖವನ್ನು ಹೇಗೆ ನೋಡುವುದು?”

ಕಿಟಕಿಯಿಂದಾಚೆ ಬೊಟ್ಟು ಮಾಡಿದರು. ಸಮುದ್ರದ ನಡುವೆ ನಕಾಎನೊಶಿಮಾ ಎಂಬ ಬರಿಯ ಬಂಡೆಯ ನಡುಗಡ್ಡೆ. 1620ರ ದಶಕದಲ್ಲಿ ಅಲ್ಲಿ ಇವರ ಪೂರ್ವಿಕರನ್ನು ಕೊಂದರು. ಆ ಬಂಡೆಯ ಸೀಳಿನಿಂದ ಜಿನುಗುವ ನೀರನ್ನೇ ತಂದು ಮಕ್ಕಳಿಗೆ ದೀಕ್ಷೆ ಕೊಡುತ್ತ ಬಂದವರು ಇವರು. ನಾಗಸಾಕಿ ಸೀಮೆಯ ಗುಪ್ತ ಕ್ರೈಸ್ತರ 12 ತಾಣಗಳನ್ನು 2018ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಆ ನಡುಗಡ್ಡೆಯೂ ಅದರಲ್ಲಿ ಸೇರಿತು. ಇಕಿತ್ಸುಕಿ ಮಾತ್ರ ಸೇರಲಿಲ್ಲ.

“ಮೊಮ್ಮಕ್ಕಳು ಕಲಿತಿರುವರೇ?” ಎಂದು ಕೇಳಿದ್ದು ತಪ್ಪಾಯಿತೇನೋ. ಹಿರಿಯರ ಮಡದಿ ಖಾಲಿಯಾದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದರು. “ಅವರು ಪಟ್ಟಣದಲ್ಲಿದ್ದಾರೆ,” ಎಂದರು ಹಿರಿಯರು. ಜೊತೆಗೆ ಕೂತು ಹೇಳುತ್ತಿದ್ದವರು ಒಬ್ಬೊಬ್ಬರಾಗಿ ತೀರಿಹೋದರಂತೆ. ಕೆಲವು ಗುಂಪುಗಳು ವಿಸರ್ಜನೆಯಾಗಿ ತಮ್ಮ ಸುರುಳಿಚಿತ್ರಗಳನ್ನು ಊರಿನ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿವೆ.

ಮರಳುವ ದಾರಿಯಲ್ಲಿ ನಮಗೆ ಮಾತು ಹೊರಡಲಿಲ್ಲ. ಅರ್ಥ ತಿಳಿಯದ ಬಾಯಿಪಾಠ ವ್ಯರ್ಥವೆಂದು ಶಿಕ್ಷಕ ತರಬೇತಿಯಲ್ಲಿ ಕಲಿತವರು ನಾವು. ಮೂವತ್ತು ವರುಷ ಅದನ್ನೇ ನಂಬಿದವರು. ಆದರೆ ಇಲ್ಲಿ ಬಾಯಿಪಾಠವೇ ಒಂದು ಜನಾಂಗವನ್ನು ಕಾಪಾಡಿತು. ಹಾಗೆಂದು ಬಾಯಿಪಾಠವೊಂದೇ ಸಾಕೇ? ಕತ್ತಿಗೂ ಶಿಲುಬೆಗೂ ಹೆದರದ ಒರಾಶೊ, ಯಾರೂ ತಡೆಯದ ಈ ಕಾಲದಲ್ಲಿ ಮೌನವಾಗುತ್ತಿದೆ. ನಿಷೇಧವಿದ್ದಾಗ ಪ್ರತಿ ಮನೆಯೂ ಕಾವಲು ಕಾಯಿತು. ನಿಷೇಧ ಹೋದ ಮೇಲೆ, ಇದು ನಮಗೇಕೆ ಎಂದು ಕೇಳುವ ಮಗುವಿಗೆ ಉತ್ತರ ಹೇಳಲು ಅರ್ಥ ಉಳಿದಿರಲಿಲ್ಲ.

1956ರಿಂದೀಚೆಗೆ ಗಡಿಯ ಈಚೆ ಉಳಿದ ನಾವು ಕನ್ನಡಿಗರು ಎಲ್ಲ ಹೊಣೆಯನ್ನೂ ಶಾಲೆಯ ಮೇಲೆ ಹೊರಿಸಿದ್ದೇವೆ. ಶಾಲೆ ಬೇಕು; ಅದಕ್ಕಾಗಿ ಹೋರಾಡಲೂಬೇಕು. ಆದರೆ ಒಂದನೆಯ ತರಗತಿಗೆ ಮಕ್ಕಳನ್ನು ಹುಡುಕಿಕೊಂಡು ಮನೆಮನೆ ಅಲೆಯುವಾಗ, ಉಗ್ರಾಣ ಬರಿದಾದ ಮನೆಗೆ ಶಾಲೆ ಏನನ್ನು ತುಂಬೀತು ಎಂದು ನಮಗೆ ಅನ್ನಿಸಿದ್ದುಂಟು. ಇತರರಿಗೆ ಹೇಳುವುದೇಕೆ? ನಮ್ಮ ಐದು ವರುಷದ ಮೊಮ್ಮಗನೇ ಅಂದು ಬಾಗಿಲಲ್ಲಿ ನಮ್ಮನ್ನು ಎದುರುಗೊಂಡು ಏನನ್ನೋ ಜಪಾನಿಯಲ್ಲಿ ಕೇಳಿದನು. ಉತ್ತರಿಸಲು ನಮಗೆ ಮಗನು ದುಭಾಷಿಯಾಗಬೇಕಾಯಿತು.

ಅಂದು ಸಂಜೆ ದೀಪ ಹಚ್ಚಿದ ಬಳಿಕ ಅವನ ಅಜ್ಜಿ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು, ತಮ್ಮ ತಾಯಿ ಕಲಿಸಿದ್ದ ಪುಟ್ಟ ಪದ್ಯವೊಂದನ್ನು ಹೇಳಿಕೊಟ್ಟರು. ಎರಡು ಸಾಲು ಒಪ್ಪಿಸಿದ ಮೇಲೆ ಹುಡುಗನು ತಂದೆಯ ಕಡೆ ತಿರುಗಿ, ಹಾಗೆಂದರೇನು ಎಂದು ಕೇಳಿದನು. ಮಗನು ಬಾಯಿ ತೆರೆಯುವ ಮೊದಲೇ ನಾವು ಎದ್ದು ಹೋಗಿ ಅವನ ಬಳಿ ಕುಳಿತು, ಒಂದೊಂದೇ ಮಾತಿನ ಅರ್ಥವನ್ನು ಕೈಸನ್ನೆಯಿಂದ ತೋರಿಸತೊಡಗಿದೆವು.